ಹರಕೆ ಹೊತ್ತ ಅಡೇನಿಯಂ

ನಮ್ಮ ಬೀದಿಯ ಆಂಜನೇಯ ಸ್ವಾಮಿಗೆ ಆ ವರ್ಷದ ರಾಮನವಮಿಗೆ ಪ್ಲಾಸ್ಟಿಕ್ ಹೂವು ಬಂತು. ಒಂದೆರಡಲ್ಲ, ಮೆಟ್ಟಿಲ ಎರಡೂ ಕಡೆ ಸಾಲಾಗಿ ಪ್ಲಾಸ್ಟಿಕ್ ಕುಂಡ, ಅದರಲ್ಲಿ ಪ್ಲಾಸ್ಟಿಕ್ ಗಿಡ, ಗಿಡದ ತುಂಬ ಕೆಂಪು ಗುಲಾಬಿ. ಎಲೆ ಮೇಲೆ ಮಂಜಿನ ಹನಿ ಬೇರೆ, ಅದೂ ಪ್ಲಾಸ್ಟಿಕ್ಕೇ.

ಶಿಡ್ಲಘಟ್ಟದಲ್ಲಿ ನಮ್ಮ ಬೀದಿ ಮುಗಿಯುವ ಕಡೆ ಒಂದು ಬೋಳು ಬಂಡೆ ಇದೆ. ಅದರ ಮೇಲೆ ಗುಡಿ. ಅಲ್ಲಿ ನಲ್ಲಿ ಇಲ್ಲ, ನೆರಳಿಲ್ಲ, ಒಂದು ಹಿಡಿ ಮಣ್ಣಿಲ್ಲ. ಮಧ್ಯಾಹ್ನ ಹೋದರೆ ಅಂಗಾಲು ದೋಸೆಯ ಹಾಗೆ ಚುರ್ ಅನ್ನುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತು ಅದು. ಜಿಲ್ಲೆ ಬದಲಾದರೂ ನಲ್ಲಿ ಬದಲಾಗಿರಲಿಲ್ಲ. ಮನೆಗೇ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ, ಇನ್ನು ಬಂಡೆ ಮೇಲೆ ಗಿಡಕ್ಕೆ ಯಾರು ಹೊತ್ತಾರು? ಹಾಗಾಗಿ ಗುಡಿ ಸಮಿತಿ ಅಧ್ಯಕ್ಷರು ತಮ್ಮ ಕೈಯಿಂದಲೇ ಈ ಕುಂಡಗಳನ್ನು ತರಿಸಿದ್ದರು. ಕೆಟ್ಟ ಮನುಷ್ಯರಲ್ಲ. ಗುಡಿಗೆ ಸುಣ್ಣ ಹೊಡೆಸಿದವರೂ ಅವರೇ, ಪಾನಕದ ಬೆಲ್ಲ ತಂದವರೂ ಅವರೇ.

ನಾನು ಭಜನೆಯ ಗುಂಪಿನಲ್ಲಿ ಮುಂದೆ ಕೂತಿದ್ದೆ. ಹಾಡು ಮುಗಿದಿತ್ತು. ಅಧ್ಯಕ್ಷರು ನಮ್ಮ ಕಡೆ ಬಂದು, "ಹೆಂಗಿದೆ ತಾಯೀ ಹೂವು? ಇನ್ನು ಹತ್ತು ವರ್ಷ ಚಿಂತೆ ಇಲ್ಲ" ಅಂದರು.

ಸುಮ್ಮನಿರಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ. "ಸ್ವಾಮಿಗೆ ಸುಳ್ಳು ಹೂವು ಇಡೋದಾ ಅಧ್ಯಕ್ಷರೇ? ಬರೋ ರಾಮನವಮಿಗೆ ಈ ಮೆಟ್ಟಿಲ ಮೇಲೆ ಜೀವ ಇರೋ ಗಿಡ ಹೂಬಿಟ್ಟು ನಿಂತಿರ್ತದೆ, ನಾನು ಇಡ್ತೀನಿ. ಆಗದಿದ್ರೆ ಪ್ರತಿ ಶನಿವಾರ ಈ ಪ್ಲಾಸ್ಟಿಕ್ ಗುಲಾಬಿನ ನಾನೇ ತೊಳೀತೀನಿ" ಅಂದೆ.

ಮೈಕು ನನ್ನ ಮುಂದೆಯೇ ಇತ್ತು. ಅದು ಆನ್ ಆಗಿಯೇ ಇತ್ತು. ಬೀದಿ ಪೂರ್ತಿ ಕೇಳಿತು, ಸ್ವಾಮಿಯೂ ಕೇಳಿಸಿಕೊಂಡ.

ಮನೆಗೆ ಬಂದರೆ ನಮ್ಮ ಯಜಮಾನರು ಜಗುಲಿಯಲ್ಲಿ ಕೂತು ನಗುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಗುಮಾಸ್ತರು. "ಬಾಯಲ್ಲಿ ಹೇಳಿದ್ರೆ ಮರ್ತೆ ಅನ್ನಬಹುದಿತ್ತು ಕಣೇ. ಮೈಕಲ್ಲಿ ಹೇಳಿದ್ದೀಯ, ದಾಖಲಾಗೋಯ್ತು" ಅಂದರು.

ನಾನು ಸುಮ್ಮನೆ ಆಡಿದ ಮಾತಲ್ಲ ಅದು. ನನ್ನ ಲೆಕ್ಕ ನನಗಿತ್ತು. ನಮ್ಮ ಕಾಂಪೌಂಡಿನ ಗೇಟಿನ ಪಕ್ಕ ಸಿಮೆಂಟ್ ಕುಂಡದಲ್ಲಿ ಒಂದು ಅಡೇನಿಯಂ ಇತ್ತು. ಚಿಂತಾಮಣಿಯಲ್ಲಿರುವ ನನ್ನ ಅಕ್ಕ ಕೊಟ್ಟಿದ್ದು. ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ತಂದಿದ್ದೆ. ಬುಡ ಗಣಪತಿಯ ಹೊಟ್ಟೆಯ ಹಾಗೆ ಉಬ್ಬಿರುತ್ತದೆ, ಆ ಹೊಟ್ಟೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇರೆ ಗಿಡ ಬಾಡಿದರೆ ಇದು ಕೊಂಬೆ ತುದಿಯಲ್ಲೆಲ್ಲ ಗುಲಾಬಿ ಬಣ್ಣದ, ನಡುವೆ ಬಿಳುಪಾದ ಹೂವು ಬಿಡುತ್ತದೆ. ಕಣಗಲೆಯ ಜಾತಿ, ಮುರಿದರೆ ಹಾಲು ಸುರಿಯುತ್ತದೆ, ಆ ಹಾಲು ವಿಷ. ಹಾಗಾಗಿ ಮೇಕೆಯೂ ಮೂಸಿ ಮುಂದೆ ಹೋಗುತ್ತದೆ. ಬಿಸಿಲು ಬೇಕು, ನೀರು ಬೇಡ, ಮೇಕೆ ತಿನ್ನುವುದಿಲ್ಲ. ನಮ್ಮ ಬಂಡೆಗೆ ಅಂತಲೇ ದೇವರು ಮಾಡಿದ ಗಿಡ ಅಂತ ನನಗನ್ನಿಸಿತ್ತು.

ನಮ್ಮ ಅತ್ತೆಯವರಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಆಂಧ್ರದ ಗಡಿ ಕಡೆಯವರು. ಸಿಟ್ಟು ಬಂದರೆ ಮಾತಿಗೆ ತೆಲುಗು ಸೇರುತ್ತದೆ. "ಹಾಲು ಸುರಿಸೋ ಗಿಡ ಮನೆ ಮುಂದೆ ಇಡಬಾರದು ಅಂತ ಎಷ್ಟು ಸಲ ಹೇಳೋದೇ? ಏಮೇ, ನಿನಗೆ ಚೆವುಲು ಕೇಳಿಸ್ತದಾ ಇಲ್ವಾ?" ಅನ್ನುತ್ತಿದ್ದರು.

"ಎಕ್ಕದಲ್ಲೂ ಹಾಲು ಬರ್ತದೆ ಅತ್ತೆ, ಆಂಜನೇಯನಿಗೆ ಹಾರ ಮಾಡಿ ಹಾಕಲ್ವಾ?"

"ಎಕ್ಕ ಮನೆ ಮುಂದೆ ಇಟ್ಕೋತಾರಾ? ಬೇಲೀಲಿ ಇರ್ತದೆ. ಅದರ ಜಾಗ ಅದಕ್ಕೆ ಗೊತ್ತು."

ಕುಂಡ ಎತ್ತಲಾರದಷ್ಟು ಭಾರ ಇದ್ದದ್ದು ಒಂದು ದಯೆ. ಇಲ್ಲದಿದ್ದರೆ ಅದು ಎಂದೋ ಬೇಲಿ ಸೇರುತ್ತಿತ್ತು.

ಒಂದು ಗಿಡದಿಂದ ಹತ್ತು ಗಿಡ ಮಾಡುವುದು ಹೇಗೆ? ಅಕ್ಕನಿಗೆ ಫೋನ್ ಹಚ್ಚಿದೆ. ಅವಳು, "ಎರಡು ದಾರಿ ಇದೆ ಕಣೇ. ಬೀಜ ಹಾಕು, ಇಲ್ಲಾ ಕೊಂಬೆ ಕತ್ತರಿಸಿ ನೆಡು. ಬೀಜದ ಗಿಡಕ್ಕೆ ಹೊಟ್ಟೆ ಬರ್ತದೆ, ನೋಡೋಕೆ ಚೆಂದ. ಕೊಂಬೆ ಗಿಡ ಬೇಗ ಹೂ ಬಿಡ್ತದೆ, ಆದ್ರೆ ತಾಯಿ ಗಿಡ ಬೋಳಾಗ್ತದೆ" ಅಂದಳು.

ಹೂವು ತುಂಬಿದ ಗಿಡಕ್ಕೆ ಕತ್ತಿ ಹಾಕಲು ಮನಸ್ಸು ಬರಲಿಲ್ಲ. ಬೀಜವೇ ಸರಿ ಅಂತ ನಿಶ್ಚಯಿಸಿದೆ. ಸ್ವಾಮಿಯ ದಯೆಯಿಂದ ಆಗಲೇ ಒಂದು ಕೊಂಬೆಯಲ್ಲಿ ಕಾಯಿ ಕಟ್ಟಿತ್ತು. ಅಡೇನಿಯಂ ಕಾಯಿ ಮೇಕೆ ಕೊಂಬಿನ ಹಾಗೆ, ಜೋಡಿ ಜೋಡಿಯಾಗಿ ಎರಡು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಮಾಗಿದಾಗ ಉದ್ದಕ್ಕೆ ಬಿರಿಯುತ್ತದೆ. ಒಳಗಿನ ಕಡ್ಡಿಯಂಥ ಬೀಜಕ್ಕೆ ಎರಡೂ ತುದಿಯಲ್ಲಿ ಹತ್ತಿಯ ಕುಚ್ಚು. ಬಿರಿದಾಗ ನೀವು ಪಕ್ಕದಲ್ಲಿಲ್ಲದಿದ್ದರೆ ಗಾಳಿ ಬೀಜವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ಕಾಯಿ ಬಿರಿಯುವ ಮೊದಲೇ ಜಾಳು ಬಟ್ಟೆಯ ಚೀಲ ಕಟ್ಟಬೇಕು, ಗಾಳಿ ಆಡಬೇಕು, ಬೀಜ ಆಚೆ ಬರಬಾರದು.

ಮನೆಯಲ್ಲಿ ಜಾಳಾದ ಬಟ್ಟೆ ಅಂದರೆ ಬಾಗಿನಕ್ಕೆ ಬಂದ ರವಿಕೆ ಕಣ. ಅವು ಮನೆಯಿಂದ ಮನೆಗೆ ಸುತ್ತುತ್ತವೇ ಹೊರತು ಯಾರೂ ಹೊಲಿಸುವುದಿಲ್ಲ. ಒಂದು ಹಳದಿ ಕಣ ಕತ್ತರಿಸಿ ಚೀಲ ಹೊಲಿದೆ, ಕಾಯಿಗೆ ತೊಡಿಸಿದೆ, ಬಾಯಿಗೆ ಅರಿಶಿನದ ದಾರ ಸುತ್ತಿ ಗಂಟು ಹಾಕಿದೆ. ಕೈಗೆ ಸಿಕ್ಕ ದಾರ ಅದೇ. ದಿನಾ ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದು, ಇವತ್ತು ಬಿರೀತಾ ನೋಡೋಣ ಅಂತ ಗಿಡದ ಮುಂದೆ ನಿಂತು, ಅಭ್ಯಾಸಬಲದಿಂದ ಶ್ರೀರಾಮ ಶ್ರೀರಾಮ ಅನ್ನುತ್ತಿದ್ದೆ.

ಇದನ್ನು ಟೀಚರಮ್ಮ ನೋಡಿದರು. ಟೀಚರಮ್ಮ ಅಂದರೆ ನಮ್ಮ ಭಜನೆ ಗುಂಪಿನವರು, ಹಿಂದಿನ ಬೀದಿ. ದಿಬ್ಬೂರಹಳ್ಳಿ ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಸೊಂಟ ಹಿಡಿದು ಹೋಗಿತ್ತು, ಊರಿಗೆ ವರ್ಗ ಮಾಡಿಸಿಕೊಳ್ಳಬೇಕು ಅಂತ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದರು. ನಾನು ಒಳಗೆ ಒಲೆ ಮುಂದಿದ್ದಾಗ ಬಂದು ಜಗುಲಿಯಲ್ಲಿದ್ದ ಅತ್ತೆಯವರನ್ನು ಕೇಳಿದರಂತೆ, "ಏನಮ್ಮಾ ಇದು, ಗಿಡಕ್ಕೆ ಹಳದಿ ಗಂಟು?"

ಅತ್ತೆಯವರು ಬೇಜಾರಿನಲ್ಲಿ, "ನನ್ನೇನು ಕೇಳ್ತೀಯ ತಾಯೀ. ಅವಳದ್ದು ಅವಳಿಗೇ ಗೊತ್ತು. ಬೆಳಗಾದ್ರೆ ಅದರ ಮುಂದೆ ನಿಂತು ರಾಮ ರಾಮ ಅಂತಾಳೆ" ಅಂದರಂತೆ.

ಅಷ್ಟೇ. ಮಾರನೇ ದಿನ ನೋಡಿದರೆ ಪಕ್ಕದ ಕೊಂಬೆಯಲ್ಲಿ ಇನ್ನೊಂದು ಅರಿಶಿನದ ದಾರ. ಟೀಚರಮ್ಮ ಹರಕೆ ಕಟ್ಟಿ ಹೋಗಿದ್ದರು. ನಾನು ಭಜನೆಯಲ್ಲಿ ಸಿಕ್ಕಾಗ ಹೇಳಿದೆ, "ಟೀಚರಮ್ಮ, ಅದು ಹರಕೆ ಅಲ್ಲ, ಬೀಜ ಹಾರದಿರಲಿ ಅಂತ ಕಟ್ಟಿರೋ ಚೀಲ."

ಅವರು ನನ್ನ ಕೈ ಅದುಮಿ, "ಹೇಳಬೇಡಿ ಬಿಡಿ, ಹರಕೆ ಬಾಯಿಬಿಟ್ಟು ಹೇಳಿದ್ರೆ ಫಲಿಸಲ್ಲ" ಅಂದುಬಿಟ್ಟರು.

ಆಷಾಢ ಬರುವ ಹೊತ್ತಿಗೆ ಟೀಚರಮ್ಮನಿಗೆ ವರ್ಗವಾಯಿತು. ಸಂತೋಷದಲ್ಲಿ ತೆಂಗಿನಕಾಯಿ ಹಿಡಿದುಕೊಂಡು ಓಡಿ ಬಂದರು. ಹರಕೆ ತೀರಿದ ಮೇಲೆ ಗಂಟು ಬಿಚ್ಚಬೇಕಲ್ಲ, ಬಿಚ್ಚಿದರು. ಅವರದ್ದಲ್ಲ, ನನ್ನದು. ಕಾಯಿ ಆಗತಾನೇ ಬಿರಿದು ಚೀಲದಲ್ಲಿ ಬೀಜ ಗರಿಗೆದರಿ ಕಾಯುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುವಷ್ಟರಲ್ಲಿ ಆಷಾಢದ ಗಾಳಿ ಒಂದು ಉಸಿರು ಎಳೆಯಿತು. ಬಿಳಿ ಕುಚ್ಚುಗಳು ಸಾಲಾಗಿ ಎದ್ದು ಗೇಟು ದಾಟಿ ಬೀದಿ ದಾಟಿ ಹೋದವು.

ಟೀಚರಮ್ಮ ಎರಡೂ ಕೈ ಜೋಡಿಸಿ, "ನೋಡಿದ್ರಾ! ಹರಕೆ ಒಪ್ಪಿಸಿಕೊಂಡು ಹೇಗೆ ಹಾರಿ ಹೋಯ್ತು!" ಅಂದರು.

ನಾನು ಕುಚ್ಚುಗಳ ಹಿಂದೆ ಗೇಟಿಗೆ ಓಡಿದೆ.

ಎದುರು ಮನೆ ಆಪಾ ಅವರದ್ದು. ರೇಷ್ಮೆ ನೂಲು ತೆಗೆಯುವ ಮನೆ. ಅಂಗಳದಲ್ಲಿ ಯಾವಾಗಲೂ ಗೂಡು ಹರಡಿರುತ್ತದೆ, ಒಳಗೆ ಗೂಡು ಬೇಯಿಸುವ ಒಲೆ ಉರಿಯುತ್ತಿರುತ್ತದೆ. ಆಪಾ ಹೊರಗೆ ಬಂದು ಕೂಗಿದರು, "ಅಮ್ಮಾ, ನಮ್ಮ ಗೂಡಿನ ಮೇಲೆ ನಿಮ್ಮ ಹತ್ತಿ ಬಂದು ಕೂತ್ಕೊಂಡೈತೆ! ನೂಲಲ್ಲಿ ಸೇರಿದ್ರೆ ನೂಲು ಕೊಳ್ಳೋ ಸೇಠ್ ನನ್ನ ಬಯ್ತಾನೆ!" ಬಯ್ಯುತ್ತಲೇ ಒಂದೊಂದಾಗಿ ಹೆಕ್ಕಿ ಒಂದು ಬಟ್ಟಲಲ್ಲಿ ಹಾಕಿ ಕೊಟ್ಟರು. ಎಲ್ಲ ಹೋಗಲಿಲ್ಲವಲ್ಲ, ಅದೊಂದು ದಯೆ.

ಬೀಜಕ್ಕೆ ಮಣ್ಣು ಹೀಗೆ ಮಾಡಿದೆ. ಮುಕ್ಕಾಲು ಪಾಲು ದಪ್ಪ ಮರಳು, ಗೋಡೆ ಸಾರಣೆಗೆ ಜರಡಿ ಹಿಡಿದಾಗ ಮೇಲೆ ಉಳಿಯುತ್ತದಲ್ಲ, ಅದು. ಮಿಕ್ಕಿದ್ದು ಹಳೇ ಕೊಟ್ಟಿಗೆ ಗೊಬ್ಬರದ ಪುಡಿ, ಮತ್ತೆ ಆಪಾ ಒಲೆಯ ಇದ್ದಿಲಿನ ಚೂರು. ಇದ್ದಿಲಿದ್ದರೆ ನೀರು ನಿಲ್ಲುವುದಿಲ್ಲ, ಕೊಳೆಯುವುದಿಲ್ಲ. ಬೀಜದ ಕುಚ್ಚು ಕಿತ್ತು, ಮರಳ ಮೇಲೆ ಮಲಗಿಸಿ, ಕಾಣದಷ್ಟು ಮರಳು ಮುಚ್ಚಿದೆ. ನೆರಳಿಗೆ ಆಪಾ ಮನೆಯ ಹಳೆಯ ಚಂದ್ರಂಕಿ ತಂದು ಮೇಲೆ ಒರಗಿಸಿದೆ. ಚಂದ್ರಂಕಿ ಅಂದರೆ ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ಬಿಸಿಲನ್ನು ಸೋಸಿ ಬಿಡುತ್ತದೆ.

ವಾರದೊಳಗೆ ಮೊಳಕೆ ಬಂದವು. ಹುಟ್ಟುವಾಗಲೇ ಸಣ್ಣ ಹೊಟ್ಟೆ, ಎರಡು ದಪ್ಪ ಎಲೆ. ಕಣ್ಣಿಗೆ ಒತ್ತಿಕೊಳ್ಳುವ ಹಾಗಿದ್ದವು. ಆಮೇಲೆ ಶ್ರಾವಣದ ಜಡಿ ಹಿಡಿಯಿತು. ಮಳೆ ಬೇಡಿದರೆ ಬರದ ಊರು ನಮ್ಮದು. ಆ ವರ್ಷ ಬೇಡದೆ ಬಂತು. ಬಿಸಿಲಿಗೆ ಅಂತ ಒರಗಿಸಿದ ಚಂದ್ರಂಕಿ ಮಳೆ ತಡೆಯುತ್ತದೆಯೇ? ನೋಡನೋಡುತ್ತ ಸಸಿಗಳು ಒಂದೊಂದಾಗಿ ಕುತ್ತಿಗೆಯಲ್ಲಿ ಮೆತ್ತಗಾಗಿ ಪಕ್ಕಕ್ಕೆ ತಲೆ ಇಟ್ಟು ಮಲಗಿದವು. ಒಂದೂ ಏಳಲಿಲ್ಲ.

"ಪ್ಲಾಸ್ಟಿಕ್ ಗುಲಾಬಿ ತೊಳೆಯೋಕೆ ಯಾವ ಬ್ರಷ್ ಒಳ್ಳೇದು ಅಂತ ವಿಚಾರಿಸಲಾ?" ಅಂತ ಯಜಮಾನರು ಕೇಳಿದರು. ಆ ದಿನ ಅವರಿಗೆ ಸಾರಿಗೆ ಒಗ್ಗರಣೆ ಸಿಗಲಿಲ್ಲ.

ಇತ್ತ ತಾಯಿ ಗಿಡದ ಕೀರ್ತಿ ಬೀದಿಯಿಂದ ಬೀದಿಗೆ ಹಬ್ಬಿತ್ತು. ಟೀಚರಮ್ಮನಿಗೆ ವರ್ಗ ಕೊಡಿಸಿದ ಗಿಡ! ಮಗಳಿಗೆ ಗಂಡು ಸಿಗಲಿ ಅಂತ ಒಬ್ಬರು, ಮೊಣಕಾಲು ನೋವು ಹೋಗಲಿ ಅಂತ ಒಬ್ಬರು, ಸೊಸೆ ಸಾಮಾನು ತೊಳೆಯಲಿ ಅಂತ ಒಬ್ಬರು, ಎಲ್ಲರ ದಾರವೂ ನಮ್ಮ ಗಿಡದಲ್ಲಿ. ಬರೀ ದಾರ ಕಟ್ಟಿದ್ದರೆ ಚಿಂತೆ ಇರಲಿಲ್ಲ. ನಮ್ಮ ಕಡೆ ಹರಕೆ ಹೊತ್ತ ಗಿಡಕ್ಕೆ ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಶುಕ್ರವಾರ ಮಡಿಯುಟ್ಟು ಚೊಂಬು ಹಿಡಿದು ಬಂದು ಬುಡಕ್ಕೆ ನೀರೆರೆದು ಹೋಗುತ್ತಾರೆ. ನೀರಿಗೆ ಅರಿಶಿನ, ಕುಂಕುಮ, ಒಮ್ಮೊಮ್ಮೆ ಹಾಲು. ಮನೆಯಲ್ಲಿ ಸ್ನಾನಕ್ಕೆ ಅರ್ಧ ಬಕೆಟ್ ನೀರು ಅಳೆದು ಕೊಡುವವರು ಇಲ್ಲಿ ಧಾರಾಳವಾಗಿ ತುಂಬಿದ ಚೊಂಬು ಸುರಿದರು. ಕಾರ್ತಿಕ ಬಂದಾಗ ಬುಡದಲ್ಲಿ ದೀಪ, ಮೇಲೆ ಎಳ್ಳೆಣ್ಣೆ.

"ಇದಕ್ಕೆ ನೀರು ಆಗಲ್ಲ ಕಣ್ರಮ್ಮಾ" ಅಂದರೆ, "ದೇವರ ನೀರು ಕಣೇ, ಏನೂ ಆಗಲ್ಲ" ಅನ್ನುತ್ತಿದ್ದರು. ಕಣ್ಣು ಮುಚ್ಚಿ ಕೈ ಮುಗಿದು ನಿಂತವರ ಕೈಯಿಂದ ಚೊಂಬು ಕಿತ್ತುಕೊಳ್ಳುವುದಾದರೂ ಹೇಗೆ?

ಕಾರ್ತಿಕದಲ್ಲಿ ಒಂದು ದಿನ ಬೆಳಗ್ಗೆ ಎಲೆಯೆಲ್ಲ ಹಳದಿಯಾಗಿ ಉದುರಿತ್ತು. ಗಣಪತಿ ಹೊಟ್ಟೆ ಮುಟ್ಟಿದೆ. ಹಣ್ಣಾದ ಪರಂಗಿಯ ಹಾಗೆ ಬೆರಳು ಒಳಗೆ ಹೋಯಿತು.

ಅಕ್ಕನಿಗೆ ಫೋನ್ ಮಾಡಿದೆ. "ಬುಡ ಮೆತ್ತಗಿದ್ಯಾ? ಹಾಗಾದ್ರೆ ಅದು ಹೋಯ್ತು. ಮೇಲೆ ಕೊಂಬೆ ಗಟ್ಟಿ ಇದ್ಯಾ?" ಅಂತ ಕೇಳಿದಳು. ಗಟ್ಟಿ ಇದೆ ಅಂದೆ. "ಕೊಳೆ ಮೇಲೆ ಏರೋಕೆ ಮುಂಚೆ ಕತ್ತರಿಸಿಬಿಡು. ಇವತ್ತೇ. ಕೊಂಬೆನಾದ್ರೂ ಉಳೀತದೆ."

ಕತ್ತರಿಸುವುದು ಸುಲಭವೇ? ಕೊಂಬೆ ಕೊಂಬೆಗೂ ಒಬ್ಬೊಬ್ಬರ ಆಸೆ ಕಟ್ಟಿದೆ. ಕತ್ತಿ ಹಾಕಿದರೆ ಅಷ್ಟು ಮನೆಯ ಕಣ್ಣೀರು ನನ್ನ ಮೇಲೆ. ಹಾಕದಿದ್ದರೆ ಗಿಡವೂ ಇಲ್ಲ, ಸ್ವಾಮಿಗೆ ಕೊಟ್ಟ ಮಾತೂ ಇಲ್ಲ. ದೇವರ ಮನೆಯಲ್ಲಿ ಸ್ವಲ್ಪ ಹೊತ್ತು ಕೂತೆ. ಸ್ವಾಮಿಯ ಎದುರಿಗೆ ಕರ್ಪೂರದ ಡಬ್ಬಿ ಕಂಡಿತು.

ಕತ್ತಿಗೆ ಹಳೇ ಕೊಳೆ ಇದ್ದರೆ ಕತ್ತರಿಸಿದ ಕಡೆ ಮತ್ತೆ ಕೊಳೆಯುತ್ತದೆ, ಅಲಗನ್ನು ಬೆಂಕಿಯಲ್ಲಿ ಕಾಯಿಸಬೇಕು ಅಂತ ಅಕ್ಕ ಹೇಳಿದ್ದಳು. ಭಜನೆ ಗುಂಪಿನವರನ್ನೆಲ್ಲ ಕರೆಸಿದೆ. ಅವರೆದುರೇ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ತರಕಾರಿ ಚಾಕುವಿನ ಅಲಗನ್ನು ಆ ಉರಿಯಲ್ಲಿ ತಿರುಗಿಸಿ ತಿರುಗಿಸಿ ಕಾಯಿಸಿದೆ. ಎಲ್ಲರೂ ಕೈ ಮುಗಿದರು. ನಾನು ಚಾಕು ಕೊಂಬೆಗೆ ಇಟ್ಟಾಗ ಮಾತ್ರ ಗದ್ದಲ ಎದ್ದಿತು.

"ಅಯ್ಯಯ್ಯೋ, ಹರಕೆ ಗಿಡಾನ ಕಡೀತೀರೇನಮ್ಮಾ?" ಅಂತ ಟೀಚರಮ್ಮ ಮುಂದೆ ಬಂದರು.

"ಮುಟ್ಟಿ ನೋಡಿ ಬುಡನ" ಅಂದೆ.

ಟೀಚರಮ್ಮ ಮುಟ್ಟಿದರು. ಬೆರಳು ಒಳಗೆ ಹೋಯಿತು. ಎಳೆದುಕೊಂಡು ಮೂಸಿ ಮುಖ ಸಿಂಡರಿಸಿದರು.

"ಇದು ನಮ್ಮ ಭಕ್ತಿ" ಅಂದೆ. "ಗಿಡ ಕುಡಿದು ಕುಡಿದು ಸತ್ತಿದೆ. ಈಗ ಒಂದು ಕೆಲಸ ಮಾಡೋಣ. ಯಾರ ದಾರ ಯಾವ ಕೊಂಬೇಲಿದೆಯೋ ಆ ಕೊಂಬೆ ಅವರದ್ದು. ದಾರ ಬಿಚ್ಚಬೇಡಿ. ನಿಮ್ಮ ಹರಕೆ ನೀವೇ ಸಾಕಿ. ರಾಮನವಮಿಗೆ ಸ್ವಾಮಿ ಮೆಟ್ಟಿಲಿಗೆ ತಂದು ಒಪ್ಪಿಸಿ."

ಒಬ್ಬರ ಮುಖ ಒಬ್ಬರು ನೋಡಿದರು. ಮೊಣಕಾಲು ನೋವಿನವರು ಮೊದಲು ಸೆರಗು ಒಡ್ಡಿದರು.

ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕತ್ತರಿಸಿದೆ. ಹಾಲು ಸುರಿಯಿತು. ಅತ್ತೆಯವರು ಜಗುಲಿಯಿಂದಲೇ, "ನೋಡು ನೋಡು, ಹಾಲು! ನಾನು ಬಡ್ಕೊಂಡೆ!" ಅನ್ನುತ್ತಲೇ ಇದ್ದರು. ಕತ್ತರಿಸಿದ ಕಡೆ ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ. ಹುಳುಕು ಗೆಣಸು ಹೆಚ್ಚುವ ಹಾಗೆ, ಬೆಳ್ಳಗೆ ಕಾಣುವ ತನಕ ಮೇಲೆ ಮೇಲೆ ಹೆಚ್ಚುತ್ತ ಹೋಗಬೇಕು. ಆಮೇಲೆ ಗಾಯಕ್ಕೆ ಒಲೆಯ ಬೂದಿ ಒತ್ತಿದೆ. ಹೆಂಗಸರು ಆ ಬೂದಿಯಲ್ಲೇ ಚಿಟಿಕೆ ತೆಗೆದು ಹಣೆಗೂ ಇಟ್ಟುಕೊಂಡರು.

ಕೊಂಬೆಯನ್ನು ಕತ್ತರಿಸಿದ ತಕ್ಷಣ ನೆಡಬಾರದು. ಗಾಯ ಒಣಗಿ ಹಕ್ಕಳೆ ಕಟ್ಟುವ ತನಕ ನೆರಳಲ್ಲಿ ಮಲಗಿಸಿರಬೇಕು, ವಾರ ಹತ್ತು ದಿನ ಆದರೂ ಏನೂ ಆಗುವುದಿಲ್ಲ. ಆಮೇಲೆ ಅದೇ ಮರಳು ಇದ್ದಿಲ ಮಣ್ಣಿಗೆ ಎರಡು ಬೆರಳು ಆಳ. ಒಂದು ಸಲ ನೀರು ತೋರಿಸಿ ಬಿಟ್ಟುಬಿಡಬೇಕು. ಮಣ್ಣು ಧೂಳಾಗುವ ತನಕ ಮತ್ತೆ ನೀರಿಲ್ಲ.

ಇದಷ್ಟನ್ನೂ ಹೇಳಿದೆ. ಕೊನೆಯದನ್ನು ಯಾರೂ ಒಪ್ಪಲಿಲ್ಲ. "ಒಂದು ತೊಟ್ಟೂ ಹಾಕದೆ ಹೆಂಗಿರೋದಮ್ಮಾ? ಪಾಪ ಬರಲ್ವಾ?" ಅಂದರು.

ಯೋಚಿಸಿ ಹೇಳಿದೆ, "ನೀರು ಹಾಕಬೇಕು ಅನ್ನಿಸಿದಾಗೆಲ್ಲ ಒಂದು ಸಲ ಶ್ರೀರಾಮ ಅನ್ನಿ. ಅಂದು ಚೊಂಬು ಕೆಳಗಿಡಿ. ಪುಣ್ಯ ನಿಮಗೆ, ಪ್ರಾಣ ಗಿಡಕ್ಕೆ."

ಇದು ಒಪ್ಪಿಗೆಯಾಯಿತು. ಆ ಚಳಿಗಾಲ ನಮ್ಮ ಬೀದಿಗಳಲ್ಲಿ ಆದಷ್ಟು ರಾಮನಾಮ ಅದಕ್ಕೆ ಮುಂಚೆ ಆಗಿರಲಿಲ್ಲ ಅಂತ ನನ್ನ ನಂಬಿಕೆ.

ಕೊನೆಗೆ ಒಂದು ಮೋಟು ಕೊಂಬೆ ಉಳಿಯಿತು. ಸೊಟ್ಟ, ಯಾರ ದಾರವೂ ಇಲ್ಲದ್ದು. ಎಸೆಯಲು ಮನಸ್ಸಾಗದೆ, ಹಿತ್ತಲಲ್ಲಿ ಬಿದ್ದಿದ್ದ ತಳ ಸೀಳಿದ ಉಪ್ಪಿನಕಾಯಿ ಜಾಡಿಯಲ್ಲಿ ನೆಟ್ಟೆ. ಸೀಳು ಇದ್ದರೆ ನೀರು ನಿಲ್ಲುವುದಿಲ್ಲ, ಒಳ್ಳೆಯದೇ.

ಅತ್ತೆಯವರು ಅದನ್ನು ನೋಡಿ ಕೆಂಡವಾದರು. ಅದು ಅವರ ತವರಿನಿಂದ ಬಂದ ಜಾಡಿ. "ನಮ್ಮಮ್ಮ ಮಾವಿನಕಾಯಿ ಹಾಕಿ ಕೊಟ್ಟ ಜಾಡೀಲಿ ಈ ವಿಷದ ಗಿಡ ಇಟ್ಟಿದ್ದೀಯಾ? ಅಯ್ಯೋ ರಾಮಾ!" ಅಂದವರೇ ಜಾಡಿ ಎತ್ತಿಕೊಂಡು ತಾರಸಿಗೆ ಹೋದರು. ನೀರಿನ ಟ್ಯಾಂಕಿನ ಹಿಂದೆ ಸುಡು ಬಿಸಿಲಲ್ಲಿ ಕುಕ್ಕಿ ಬಂದರು. "ಅಲ್ಲೇ ಒಣಗಿ ಸಾಯಲಿ. ಗಿಡ ಸತ್ತ ಮೇಲೆ ಜಾಡಿ ತೊಳೆದು ಇಟ್ಕೋತೀನಿ. ಅಲ್ಲಿ ತನಕ ನಾನು ಮುಟ್ಟಲ್ಲ, ನೀನೂ ಮುಟ್ಟಕೂಡದು" ಅಂತ ಅಪ್ಪಣೆಯಾಯಿತು. ನಾನು ಅದನ್ನು ಆ ಮೇಲೆ ಮರೆತೂ ಬಿಟ್ಟೆ.

ನನ್ನ ಚಿಂತೆ ಬೀದಿಯ ಗಿಡಗಳದ್ದಾಗಿತ್ತು. ದಿನಾ ಒಂದು ಮನೆಗೆ ಹೋಗಿ ನೋಡಿ ಬರುತ್ತಿದ್ದೆ. ಟೀಚರಮ್ಮ ಅಷ್ಟು ಹೊತ್ತಿಗೆ ಇನ್ನೊಂದು ಹರಕೆ ಕಟ್ಟಿದ್ದರು, ಹಾಗಾಗಿ ಅವರಿಗೂ ಒಂದು ಕೊಂಬೆ ಹೋಗಿತ್ತು. ಅದು ಮೊದಲು ಸತ್ತಿತು. ಬೇರು ಬಂದಿದೆಯಾ ಅಂತ ವಾರವಾರ ಕಿತ್ತು ನೋಡಿ ಮತ್ತೆ ನೆಡುತ್ತಿದ್ದರಂತೆ. "ಟೀಚರಮ್ಮ, ಅದಕ್ಕೂ ಕಿರುಪರೀಕ್ಷೆ ಇಡ್ತೀರಾ?" ಅಂದೆ. ಇನ್ನೊಬ್ಬರು ಚಳಿಯಾಗುತ್ತದೆ ಅಂತ ಗಿಡವನ್ನು ಅಡಿಗೆಮನೆಯಲ್ಲಿ ಗ್ಯಾಸಿನ ಪಕ್ಕ ಇಟ್ಟಿದ್ದರು. ಸೊಸೆಯ ಹರಕೆಯವರ ಮನೆಯಲ್ಲಿ ಅತ್ತೆ ನೀರು ಹಾಕಿಲ್ಲ ಅಂತ ಸೊಸೆ ಹಾಕುತ್ತಿದ್ದಳು. ಹೀಗೆ ಒಂದೊಂದು ಹೋದರೂ ಸ್ವಾಮಿಯ ದಯೆಯಿಂದ ಐದು ಉಳಿದವು. ಸಂಕ್ರಾಂತಿ ಕಳೆದ ಮೇಲೆ ತುದಿಯಲ್ಲಿ ಚಿಗುರು ಬಂತು. ಮೆಲ್ಲಗೆ ಅಲ್ಲಾಡಿಸಿದರೆ ಅಲ್ಲಾಡಲಿಲ್ಲ, ಅಂದರೆ ಬೇರು ಹಿಡಿದಿದೆ. ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಎಲೆ ತುಂಬಿಕೊಂಡವು.

ಎಲೆ ಬಂತು. ಹೂವು ಬರಲಿಲ್ಲ.

ಯುಗಾದಿ ಆಯಿತು. ಮೂರು ಗಿಡದಲ್ಲಿ ಮೊಗ್ಗು ಕಂಡಿತು, ಗಾಂಧಾರಿ ಮೆಣಸಿನಕಾಯಿಯಷ್ಟು. ಯುಗಾದಿಯಿಂದ ರಾಮನವಮಿಗೆ ಎಷ್ಟು ದೂರ? ಹೊಟ್ಟೆಯಲ್ಲಿ ಬೇವೇ ಉಳಿಯಿತು, ಬೆಲ್ಲ ಕಾಣಲಿಲ್ಲ. ಹಬ್ಬದ ಹಿಂದಿನ ದಿನವೂ ಮೊಗ್ಗು ಮೊಗ್ಗಾಗಿಯೇ ಇತ್ತು. ಗುಡಿ ಮುಂದೆ ಹೋದರೆ ಅಧ್ಯಕ್ಷರು ಪ್ಲಾಸ್ಟಿಕ್ ಗುಲಾಬಿಯನ್ನು ಒರೆಸಿಸುತ್ತಿದ್ದರು. "ತಾಯೀ, ಇವನ್ನ ತೆಗೀಲಾ, ಇಡಲಾ?" ಅಂತ ಕೇಳಿದರು. ಹಾಸ್ಯಕ್ಕೆ ಕೇಳಿದರೋ ನಿಜಕ್ಕೋ ತಿಳಿಯಲಿಲ್ಲ. "ನಾಳೆ ಹೇಳ್ತೀನಿ" ಅಂದೆ.

ಮನೆಗೆ ಬಂದು, ತಾರಸಿಯಲ್ಲಿ ಒಣಗಿದ್ದ ಸಂಡಿಗೆ ತರೋಣ ಅಂತ ಮೇಲೆ ಹತ್ತಿದೆ. ಆ ಬೇಸಿಗೆ ಪೂರ್ತಿ ಸಂಡಿಗೆ ಕಾಯುವ ಕೆಲಸ ಅತ್ತೆಯವರದ್ದು. ಮೊದಲೆಲ್ಲ ಕಾಲು ನೋವು ಅಂತ ತಾರಸಿ ಹತ್ತದವರು ಈಗ ಊಟ ಮುಗಿಸಿದ ತಕ್ಷಣ ಛತ್ರಿ ಹಿಡಿದು ಹತ್ತುತ್ತಿದ್ದರು. ಕಾಗೆ ಮೇಲೆ ಇಷ್ಟು ಹಗೆ ಯಾಕೆ ಅಂತ ನನಗೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನಾನು ಹತ್ತಿದಾಗ ಅವರು ಟ್ಯಾಂಕಿನ ಹಿಂದೆ ಕೂತಿದ್ದರು. ನನ್ನನ್ನು ಕಂಡವರೇ ಮೊರ ತೆಗೆದು ಏನನ್ನೋ ಮರೆಮಾಡಿದರು. ಮೊರಕ್ಕಿಂತ ಅದು ಎತ್ತರವಾಗಿತ್ತು. ಮೊರದ ಮೇಲಿಂದ ಗುಲಾಬಿ ಬಣ್ಣ ಇಣುಕಿತು.

ಜಾಡಿ. ಆ ಸೊಟ್ಟ ಕೊಂಬೆ. ಎಲೆಗಿಂತ ಹೂವು ಜಾಸ್ತಿ.

"ಅತ್ತೇ!" ಅಂದೆ.

"ಕೂಗಬೇಡ, ದೃಷ್ಟಿ ಆಗ್ತದೆ" ಅಂದರು.

"ಇದು ಯಾವಾಗ ಬಿಡ್ತು?"

"ಯುಗಾದಿಗೆ ಮುಂಚೆ. ಹೇಳಿದ್ರೆ ನೀನು ಆ ಹೆಂಗಸರನ್ನೆಲ್ಲ ಕರ್ಕೊಂಡು ಬರ್ತೀಯ. ಅವರು ಚೊಂಬು ತರ್ತಾರೆ."

"ನೀವು ಏನು ಹಾಕಿದ್ರಿ ಇದಕ್ಕೆ?"

"ಏನು ಹಾಕ್ತಾರೆ? ಸಾಯಲಿ ಅಂತ ಬಿಟ್ಟಿದ್ದೆ. ಸಾಯಲಿಲ್ಲ. ಹಟಮಾರಿ" ಅಂದರು. ಆ ಹಟಮಾರಿ ಅನ್ನುವ ಮಾತಿನಲ್ಲಿ ಎಷ್ಟು ಅಕ್ಕರೆ ಇತ್ತು ಅಂದರೆ, ನನ್ನನ್ನು ಅವರು ಒಂದು ದಿನವೂ ಅಷ್ಟು ಅಕ್ಕರೆಯಿಂದ ಕರೆದಿರಲಿಲ್ಲ.

ಕೇಳಬೇಕಾದ್ದನ್ನು ಕೇಳಿದೆ. "ನಾಳೆ ಸ್ವಾಮಿಗೆ ಕೊಡ್ತೀರಾ?"

ಅವರು ಸಂಡಿಗೆ ಒಂದೊಂದೇ ತಿರುವಿ ಹಾಕಿದರು. ಗಿಡ ಅವರದ್ದು, ಜಾಡಿ ಅವರ ತವರಿನದ್ದು, ಮಾತು ಕೊಟ್ಟವಳು ನಾನು. ಪ್ಲಾಸ್ಟಿಕ್ ಗುಲಾಬಿ ತೊಳೆಯುವುದೂ ಒಂದು ಸೇವೆಯೇ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತ ಇಳಿದೆ.

ಬೆಳಗ್ಗೆ ನಾನು ಕೋಸಂಬರಿಗೆ ಹೆಸರುಬೇಳೆ ಬಸಿಯುತ್ತಿದ್ದಾಗ ಅತ್ತೆಯವರು ಮಡಿಯುಟ್ಟು ಜಾಡಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ. ನಾನೇ ಹೊರ್ತೀನಿ. ನೀನು ಮುಟ್ಟಬೇಡ" ಅಂದರು.

ಬಂಡೆಯ ಮೇಲೆ ಐದು ಮನೆಯ ಐದು ಹಸಿರು ಗಿಡ ಸಾಲಾಗಿ ಬಂದವು, ದಾರ ಕಟ್ಟಿದ ಹಾಗೇ. ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ ಅತ್ತೆಯವರ ಜಾಡಿ. ಬಿಸಿಲು ಬಿದ್ದಾಗ ಹೂವು ಉರಿದ ಹಾಗೆ ಕಂಡಿತು. ಭಜನೆಯವರೆಲ್ಲ ಸುತ್ತ ನೆರೆದರು. ಅಧ್ಯಕ್ಷರು ಬಂದು ಬಗ್ಗಿ, ಹೂವಿನ ಹತ್ತಿರ ಮೂಗಿಟ್ಟು ಉಸಿರು ಎಳೆದರು.

"ವಾಸನೆನೇ ಇಲ್ವಲ್ಲ ತಾಯೀ. ನಮ್ಮದರಲ್ಲೂ ಇಲ್ಲ, ಇದರಲ್ಲೂ ಇಲ್ಲ. ನಮ್ಮದು ಹತ್ತು ವರ್ಷ ಬಾಡಲ್ಲ. ಏನು ವ್ಯತ್ಯಾಸ ಹೇಳಿ?"

ಮೈಕು ಈ ಸಲವೂ ಅಲ್ಲೇ ಇತ್ತು. ಅತ್ತೆಯವರು ಅದರ ಹತ್ತಿರ ಹೋಗಲಿಲ್ಲ, ಬೇಕಾಗಲೂ ಇಲ್ಲ.

"ಏಮಯ್ಯಾ, ಬಾಡದೆ ಇರೋದನ್ನ ಕೊಟ್ರೆ ಕೊಟ್ಟಂಗಾಗ್ತದಾ? ನಾಳೆನೂ ನಿನ್ನ ಹತ್ರನೇ ಇರ್ತದೆ ಅದು. ನಾನು ಇದನ್ನ ದಿನಾ ನೋಡ್ಕೊಂಡು ಕೂತಿದ್ದೆ. ಇವತ್ತು ಕೊಟ್ಟೆ. ನಾಳೆ ಬಿಸಿಲಿಗೆ ಹೂ ಉದುರ್ತದೆ, ನಾನು ಮನೇಲಿರ್ತೀನಿ. ಅದು ಕೊಡೋದು."

ಅರ್ಚಕರು ಒಳಗಿಂದಲೇ, "ಕೇಳಿಸ್ತಾ ಅಧ್ಯಕ್ಷರೇ? ಮಂಗಳಾರತಿಗೆ ಹೊತ್ತಾಯ್ತು, ಮೆಟ್ಟಿಲು ಖಾಲಿ ಮಾಡಿ" ಅಂದರು.

ಅಧ್ಯಕ್ಷರು ಜೋರಾಗಿ ನಕ್ಕರು. ತಾವೇ ಒಂದೊಂದಾಗಿ ಪ್ಲಾಸ್ಟಿಕ್ ಕುಂಡ ಎತ್ತಿ ಸಮಿತಿ ಕೋಣೆಗೆ ಸಾಗಿಸಿದರು. ಮೊಣಕಾಲು ನೋವಿನವರೂ ಎರಡು ಹೊತ್ತುಕೊಟ್ಟರು. ನೋವು ಎಲ್ಲಿ ಹೋಯಿತೋ ಸ್ವಾಮಿಗೇ ಗೊತ್ತು.

ಮಾರನೇ ದಿನ ಬೆಳಗ್ಗೆ ಎದ್ದರೆ ಅತ್ತೆಯವರು ಮನೆಯಲ್ಲಿಲ್ಲ. ಅಡಿಗೆಮನೆಯಲ್ಲಿ ಹಿತ್ತಾಳೆ ಚೊಂಬೂ ಇಲ್ಲ. ಚಪ್ಪಲಿ ಮೆಟ್ಟದೆ ಬಂಡೆಗೆ ಓಡಿದೆ.

ಮೇಲಿನ ಮೆಟ್ಟಿಲಲ್ಲಿ, ಜಾಡಿಯ ಮುಂದೆ ಅತ್ತೆಯವರು ನಿಂತಿದ್ದರು. ಕೈಯಲ್ಲಿ ತುಂಬಿದ ಚೊಂಬು. ಹೂವು ಒಂದೂ ಉದುರಿರಲಿಲ್ಲ.

"ಅತ್ತೇ, ಬೇಡ!"

"ಪಾಪ" ಅಂದರು, ನನಗೋ ಸ್ವಾಮಿಗೋ ತಿಳಿಯಲಿಲ್ಲ. "ನಿನ್ನೆಯೆಲ್ಲ ಅಷ್ಟು ಜನ ನೋಡಿದ್ರು. ದಣಿದಿರ್ತದೆ. ಒಂದು ಗುಟುಕು."

"ಶ್ರೀರಾಮ ಅನ್ನಿ ಅತ್ತೆ."

ಅತ್ತೆಯವರು ಗಿಡ ನೋಡಿದರು, ನನ್ನ ನೋಡಿದರು. "ಶ್ರೀರಾಮ" ಅಂದರು. ಚೊಂಬು ಕೆಳಗಿಡಲಿಲ್ಲ. ಇನ್ನೊಂದು ಸಲ ಅಂದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ತಲೆ ಮೇಲೆತ್ತಿ, ಆ ಚೊಂಬಿನ ನೀರನ್ನು ತಾವೇ ಗಟಗಟ ಕುಡಿದು ಮುಗಿಸಿದರು.